ನಿಟ್ಟೆಗೂ ದುಬೈಗೂ ನಡುವಿನ ದೂರ

ಬಜ್ಪೆಯ ವಿಮಾನ ನಿಲ್ದಾಣದಿಂದ ದುಬೈ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ಶಾಲೆಯ ಭೂಗೋಳದ ಗುಂಡನ್ನು ಎದುರಿಗಿಟ್ಟುಕೊಂಡು ಎರಡು ಊರುಗಳ ನಡುವೆ ನೂಲೊಂದನ್ನು ಬಿಗಿಯಾಗಿ ಹಿಡಿದು ಅಳೆದರೆ ಸಿಗುವ ಲೆಕ್ಕ ಸುಮಾರು 2,460 ಕಿಲೋಮೀಟರ್. ಬಜ್ಪೆಯಿಂದ ದೆಹಲಿಗೆ ಹೀಗೆಯೇ ಅಳೆದರೆ 1,750 ಕಿಲೋಮೀಟರ್ ಆಗುತ್ತದೆ. ಇಂದಿನ ಜೆಟ್ ವಿಮಾನಕ್ಕೆ ದುಬೈ ದಾರಿ ಹೆಚ್ಚು ಕಡಿಮೆ ಮೂರೂವರೆ ಗಂಟೆಯದ್ದು. ಇದೇ ಪ್ರಶ್ನೆಯನ್ನು ನಿಟ್ಟೆ, ಬೆಳ್ಮಣ್, ಕಾರ್ಕಳದ ಕಡೆಯ ಅರುವತ್ತು ದಾಟಿದ ಯಾರಾದರೊಬ್ಬ ಹಿರಿಯರಲ್ಲಿ ಕೇಳಿ ನೋಡಿ. ಅವರು ಕಿಲೋಮೀಟರ್ ಹೇಳುವುದಿಲ್ಲ. ಬೊಂಬಾಯಿ ಬಸ್ಸಿನಿಂದ ಶುರು ಮಾಡುತ್ತಾರೆ. ಅಲ್ಲಿ ಕಳೆದ ದಿನಗಳು, ಏಜೆಂಟರ ಕಚೇರಿಯ ಮೆಟ್ಟಿಲು, ವಿಮಾನದ ಮಾತು ಬರುವುದು ಕಡೆಗೆ.

ನಮ್ಮ ಭಾಗದ ಮನೆಗಳಲ್ಲಿ ಅರಬ್ ನಾಡಿಗೆ ಹೋದವರಿಲ್ಲದ ಮನೆ ಕಡಿಮೆ. ಆದರೆ ಅವರು ಹೋದ ದಾರಿಯ ಚರಿತ್ರೆಯನ್ನು ಯಾರೂ ಕುಳಿತು ಬರೆದದ್ದು ಕಾಣೆ. ಹೋದವರ ಸಂಪಾದನೆಯ ಬಗ್ಗೆ, ಕಟ್ಟಿಸಿದ ಮನೆಯ ಬಗ್ಗೆ, ಮಸೀದಿ ಮದ್ರಸಗಳಿಗೆ ಕೊಟ್ಟ ನೆರವಿನ ಬಗ್ಗೆ ಮಾತು ಬೇಕಾದಷ್ಟಿದೆ. ಇಲ್ಲಿ ನಾನು ಹೇಳಹೊರಟಿರುವುದು ದಾರಿಯ ಬಗ್ಗೆ ಮಾತ್ರ, ಅಂದರೆ ದೂರ ಮತ್ತು ಸಮಯದ ಬಗ್ಗೆ.

ಗಾಳಿಯ ಕಾಲ

ಈ ಕಡಲನ್ನು ದಾಟುವುದು ನಮ್ಮ ಕರಾವಳಿಗೆ ಹೊಸತಲ್ಲ. ಏಡನ್ ಬಂದರು ಮತ್ತು ಮಂಗಳೂರು ಹೆಚ್ಚು ಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಎರಡೂ ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿಮೂರು ಡಿಗ್ರಿಯ ಆಸುಪಾಸು. ನಡುವೆ 3,200 ಕಿಲೋಮೀಟರ್ ನೀರು. ಹಾಯಿಹಡಗಿನ ಕಾಲದಲ್ಲಿ ಇದನ್ನು ದಾಟಬೇಕಾದರೆ ಗಾಳಿಯ ಅಪ್ಪಣೆ ಬೇಕಿತ್ತು. ನಮ್ಮಲ್ಲಿ ಮಳೆ ಮುಗಿದು ಚಳಿಗಾಲದ ಈಶಾನ್ಯ ಗಾಳಿ ಬೀಸತೊಡಗಿದ ಮೇಲೆ ಇಲ್ಲಿಂದ ಅರೇಬಿಯಾಕ್ಕೆ ಹಾಯಿ ಬಿಚ್ಚಬೇಕು. ಅಲ್ಲಿಂದ ಮರಳಲು ನೈಋತ್ಯದ ಗಾಳಿಗೆ ಕಾಯಬೇಕು. ಜೂನ್, ಜುಲೈಯಲ್ಲಿ ಆ ಗಾಳಿಯ ಅಬ್ಬರ ಎಷ್ಟೆಂದರೆ ಬಂದರುಗಳನ್ನೇ ಮುಚ್ಚುತ್ತಿದ್ದರು. ಹೀಗಾಗಿ ಹೋಗಿಬರುವ ಒಂದು ಸುತ್ತಿಗೆ ಒಂದು ವರ್ಷ ಎಂದೇ ಲೆಕ್ಕ.

ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಸುಮಾರು 1132ರಿಂದ 1149ರವರೆಗೆ ಮಂಗಳೂರಿನಲ್ಲಿದ್ದ. ಏಡನ್‌ನಲ್ಲಿದ್ದ ಅವನ ವ್ಯಾಪಾರದ ಗೆಳೆಯರು ಅರಬ್ಬಿ ಮಾತಿನಲ್ಲಿ ಅವನಿಗೆ ಬರೆದ ಕಾಗದಗಳು ಕೈರೋದ ಹಳೆಯ ಸಿನಗಾಗ್ ಒಂದರ ಕೋಣೆಯಲ್ಲಿ ಉಳಿದು ಇಂದಿಗೂ ಓದಲು ಸಿಗುತ್ತವೆ. ಅಮಿತಾವ್ ಘೋಷ್ ಅವರ ಪುಸ್ತಕದಿಂದ ಅವನ ಆಳು ಬೊಮ್ಮನ ಹೆಸರೂ ಜಗತ್ತಿಗೆ ಪರಿಚಯವಾಯಿತು. ಉತ್ತರ ಆಫ್ರಿಕಾದಲ್ಲಿದ್ದ ತನ್ನ ಒಡಹುಟ್ಟಿದವರ ಗತಿ ಏನಾಯಿತೆಂದು ತಿಳಿಯದೆ ಬೆನ್ ಯಿಜು ಏಡನ್ ಸೇರಿದ ಮೇಲೆ ಅವರನ್ನು ಹುಡುಕಿ ಕಾಗದ ಬರೆಯುತ್ತಾನೆ. ಪರದೇಶದಲ್ಲಿ ದುಡಿಯುವವನ ಸಂಕಟ ಎಂಟುನೂರು ವರ್ಷಗಳ ಹಿಂದೆಯೂ ಇದೇ ಆಗಿತ್ತು. ಆಗ ನಮ್ಮ ಕಡಲತೀರ ಪರದೇಶವಾಗಿತ್ತು ಎಂಬುದಷ್ಟೇ ವ್ಯತ್ಯಾಸ.

1342ರ ಸುಮಾರಿಗೆ ಈ ತೀರದಲ್ಲಿ ಹಾದುಹೋದ ಇಬ್ನ್ ಬತೂತ ಬಾರಕೂರನ್ನೂ ಮಂಗಳೂರನ್ನೂ ಹೆಸರಿಸಿದ್ದಾನೆ. ಮಂಗಳೂರಿಗೆ ಪರ್ಶಿಯಾ ಮತ್ತು ಯಮನ್‌ನ ವ್ಯಾಪಾರಿಗಳು ಬಂದಿಳಿಯುತ್ತಾರೆ, ಕಾಳುಮೆಣಸೂ ಶುಂಠಿಯೂ ಹೇರಳ, ಊರಿನ ಹೊರಭಾಗದಲ್ಲಿ ನಾಲ್ಕು ಸಾವಿರದಷ್ಟು ಮುಸ್ಲಿಮರಿದ್ದಾರೆ ಎಂದು ಬರೆಯುತ್ತಾನೆ. ಅಲ್ಲಿನ ಖಾಝಿಯವರು ಪಾಠ ಹೇಳುತ್ತಿದ್ದರೆಂಬ ಮಾತೂ ಅದರಲ್ಲಿದೆ. ವಿದ್ಯಾಸಂಸ್ಥೆಯ ಸಂಚಿಕೆಯೊಂದರಲ್ಲಿ ಇದನ್ನು ನೆನೆಯದೆ ಹೋಗಲಾಗದು. ಅನುಕೂಲದ ಗಾಳಿಯಲ್ಲಿ ಹಗಲೂ ರಾತ್ರಿಯೂ ನಿಲ್ಲದೆ ಸಾಗಿ ಕಲ್ಲಿಕೋಟೆಯಿಂದ ಒಮಾನ್ ತೀರದ ಝಫಾರಿಗೆ ತಾನು ಇಪ್ಪತ್ತೆಂಟು ದಿನಗಳಲ್ಲಿ ತಲುಪಿದೆ ಎಂದು ಅವನು ಹೇಳಿಕೊಂಡಿದ್ದಾನೆ. ಅದು ಆ ಕಾಲಕ್ಕೆ ಹೇಳಿಕೊಳ್ಳುವಂಥ ವೇಗವೇ.

ಉಗಿಹಡಗು ಬಂದ ಮೇಲೆ ಗಾಳಿಯ ಹಂಗು ತಪ್ಪಿತು. ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗುಗಳು ಬೊಂಬಾಯಿಯಿಂದ ಹೊರಟು ಕರಾಚಿ, ಮಸ್ಕತ್, ದುಬೈ, ಬಹ್ರೇನ್, ಕುವೈತ್ ಮುಟ್ಟಿ ಬಸ್ರಾದವರೆಗೆ ಹೋಗುತ್ತಿದ್ದವು. ಬಂದರು ಬಂದರಿನಲ್ಲಿ ನಿಂತು ಹೋಗುವ ಈ ಪ್ರಯಾಣದ್ದು ದಿನಗಳ ಲೆಕ್ಕ. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಅವುಗಳಲ್ಲಿ ಡಾರಾ ಎಂಬ ಹಡಗು 1961ರ ಎಪ್ರಿಲ್ 8ರಂದು ದುಬೈ ಹತ್ತಿರ ಸ್ಫೋಟಗೊಂಡು 238 ಜನ ಸತ್ತರು. ದ್ವಾರಕಾ ಎಂಬ ಕೊನೆಯ ಹಡಗು 1982ರಲ್ಲಿ ಓಡಾಟ ನಿಲ್ಲಿಸಿತು. ಹಜ್ ಯಾತ್ರಿಕರ ಹಡಗು ಮಾತ್ರ ಬೊಂಬಾಯಿಯಿಂದ ಜಿದ್ದಾಕ್ಕೆ 1995ರವರೆಗೂ ಇತ್ತು.

ಎರಡು ನಿಲ್ದಾಣಗಳ ಹುಟ್ಟು

ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಂಗತಿ ಹೇಳಿದರೆ ನಂಬುವುದಿಲ್ಲ. ಬಜ್ಪೆ ವಿಮಾನ ನಿಲ್ದಾಣ ದುಬೈ ವಿಮಾನ ನಿಲ್ದಾಣಕ್ಕಿಂತ ಒಂಬತ್ತು ವರ್ಷ ಹಿರಿದು.

1951ರ ದಶಂಬರ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದು ಬಜ್ಪೆಯಲ್ಲಿ ಇಳಿದರು. ನಿಲ್ದಾಣ ಶುರುವಾದದ್ದು ಹಾಗೆ. ಆಗ ದುಬೈಯಲ್ಲಿ ವಿಮಾನ ಇಳಿಯಲು ನೆಲದ ಮೇಲೆ ಜಾಗವೇ ಇರಲಿಲ್ಲ. 1930ರ ದಶಕದ ಕೊನೆಯಲ್ಲಿ ಇಂಪೀರಿಯಲ್ ಏರ್‌ವೇಸ್‌ನ ನೀರಿನ ಮೇಲಿಳಿಯುವ ವಿಮಾನಗಳು ಅಲ್ಲಿನ ಖಾರಿಯಲ್ಲಿ ಇಳಿಯುತ್ತಿದ್ದವು. ನೆರೆಯ ಶಾರ್ಜಾದಲ್ಲಿ ಮಾತ್ರ 1932ರಿಂದಲೂ ಲಂಡನ್ ಮತ್ತು ಕರಾಚಿ ನಡುವಿನ ವಿಮಾನಗಳಿಗೆ ತಂಗುದಾಣವಿತ್ತು. ಅದೇ 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಬೊಂಬಾಯಿಗೆ ಟಪಾಲು ವಿಮಾನ ಹಾರಿಸಿದರು. ಆ ಟಪಾಲು ಬಳ್ಳಾರಿಯಲ್ಲಿ ತಂಗಿ ಮದ್ರಾಸಿಗೆ ಹೋಯಿತು. ಅಂದರೆ ಶಾರ್ಜಾಕ್ಕೂ ಕನ್ನಡ ನೆಲಕ್ಕೂ ಆಕಾಶದ ನಂಟು ತೊಂಬತ್ತು ವರ್ಷಕ್ಕಿಂತ ಹಳೆಯದು. ಆದರೆ ಅದು ಕಾಗದದ ನಂಟು, ಮನುಷ್ಯರದ್ದಲ್ಲ.

ದುಬೈ ನಿಲ್ದಾಣ ತೆರೆದದ್ದು 1960ರಲ್ಲಿ. ಮರಳನ್ನೇ ಗಟ್ಟಿಯಾಗಿ ತುಳಿಸಿ ಮಾಡಿದ 1,800 ಮೀಟರ್ ಉದ್ದದ ಓಡುದಾರಿ. ಅದರ ಮೇಲೆ ಇಳಿಯಬಹುದಾಗಿದ್ದ ದೊಡ್ಡ ವಿಮಾನವೆಂದರೆ ನೆಹರೂ ಬಜ್ಪೆಗೆ ಬಂದರಲ್ಲ, ಅದೇ ಡಕೋಟಾ. ಆಗ ದುಬೈಯ ಅಂಗಡಿಗಳಲ್ಲಿ ನಡೆಯುತ್ತಿದ್ದುದೂ ರೂಪಾಯಿಯೇ. 1959ರವರೆಗೆ ನಮ್ಮದೇ ನೋಟು, ಆಮೇಲೆ 1966ರವರೆಗೆ ಕೊಲ್ಲಿಗೆಂದೇ ರಿಸರ್ವ್ ಬ್ಯಾಂಕ್ ಬೇರೆ ಬಣ್ಣದಲ್ಲಿ ಅಚ್ಚು ಹಾಕಿಸಿದ ನೋಟು. 1965ರಲ್ಲಿ ದುಬೈಯಲ್ಲಿ ಡಾಮರಿನ ಓಡುದಾರಿ ಬಂತು, ಜೆಟ್ ವಿಮಾನಗಳು ಇಳಿಯತೊಡಗಿದವು. ಮರುವರ್ಷ ಎಣ್ಣೆ ಸಿಕ್ಕಿತು. 1971ರಲ್ಲಿ ಯುಎಇ ಆಯಿತು, 1973ರಲ್ಲಿ ಎಣ್ಣೆಯ ಬೆಲೆ ಏರಿತು. 2014ರಿಂದ ಅಂತಾರಾಷ್ಟ್ರೀಯ ಪ್ರಯಾಣಿಕರ ಲೆಕ್ಕದಲ್ಲಿ ಲಂಡನ್ನಿನ ಹೀತ್ರೂವನ್ನೂ ಹಿಂದೆ ಹಾಕಿದ ನಿಲ್ದಾಣ ಅದು.

ಬಜ್ಪೆ ಮಾತ್ರ ಇದ್ದಲ್ಲೇ ಇತ್ತು. ಗುಡ್ಡದ ನೆತ್ತಿ ಸವರಿ ಮಾಡಿದ ಓಡುದಾರಿ ಸುಮಾರು 1,600 ಮೀಟರ್ ಉದ್ದ, ತುದಿಗೆ ಕಮರಿ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಇಳಿಯುವಾಗ ಓಡುದಾರಿ ದಾಟಿ ಹೋಗಿ ಅಂಚಿನಲ್ಲಿ ನಿಂತಿತು. ಯಾರೂ ಸಾಯಲಿಲ್ಲ. ಆಗ ಕಾರ್ಕಳದ ಶಾಸಕರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು.

ಓಡುದಾರಿ ಉದ್ದ ಯಾಕೆ ಬೇಕೆಂದು ವಿಜ್ಞಾನದ ವಿದ್ಯಾರ್ಥಿಗಳು ಕೇಳಬಹುದು. ಬೊಂಬಾಯಿಗೆ ಹೋಗುವ ವಿಮಾನ 715 ಕಿಲೋಮೀಟರಿಗೆ ಬೇಕಾದಷ್ಟೇ ಇಂಧನ ತುಂಬಿಕೊಂಡರೆ ಸಾಕು. ದುಬೈಗೆ ಹೋಗುವುದಾದರೆ ಅದರ ಮೂರೂವರೆ ಪಟ್ಟು ದೂರದ ಇಂಧನ, ಮೇಲೆ ಆಪತ್ತಿಗೆಂದು ಇನ್ನಷ್ಟು. ಜೊತೆಗೆ ತುಂಬಿದ ಪ್ರಯಾಣಿಕರು, ಅವರ ಗಂಟುಮೂಟೆ. ಭಾರ ಹೆಚ್ಚಿದಷ್ಟೂ ನೆಲ ಬಿಡಲು ಹೆಚ್ಚು ವೇಗ ಬೇಕು, ಆ ವೇಗ ಹಿಡಿಯಲು ಹೆಚ್ಚು ಓಟ ಬೇಕು. ನಮ್ಮ ಬೇಸಿಗೆಯ ಬಿಸಿಗಾಳಿ ತೆಳುವಾಗಿರುವುದರಿಂದ ರೆಕ್ಕೆಗೆ ಸಿಗುವ ಆಸರೆಯೂ ಕಡಿಮೆ. ಹಾಗಾಗಿ ಬಜ್ಪೆಯಲ್ಲಿ ದುಬೈ ವಿಮಾನಕ್ಕೆ ಕೊರತೆ ಬಿದ್ದದ್ದು ಎಂಟುನೂರು ಮೀಟರ್ ಕಾಂಕ್ರೀಟು. ಅಷ್ಟಕ್ಕಾಗಿ ಈ ಜಿಲ್ಲೆಯ ಜನ ಮೂವತ್ತು ವರ್ಷ ಬೊಂಬಾಯಿ ಸುತ್ತಿದರು ಎಂದರೆ ತಪ್ಪಾಗದು.

ಬೊಂಬಾಯಿಯ ಸುತ್ತು

ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಬಜ್ಪೆಯಿಂದ ಬೊಂಬಾಯಿಗೆ ಆಕಾಶದಲ್ಲಿ 715 ಕಿಲೋಮೀಟರ್, ಬೊಂಬಾಯಿಯಿಂದ ದುಬೈಗೆ 1,927. ಒಟ್ಟು 2,642. ನೇರ ಹೋದರೆ 2,460. ಅಂದರೆ ಬೊಂಬಾಯಿಯ ಮೇಲಾಗಿ ಹೋದರೆ ಹೆಚ್ಚಾಗುವ ದೂರ 180 ಕಿಲೋಮೀಟರ್ ಮಾತ್ರ, ವಿಮಾನಕ್ಕೆ ಅದು ಕಾಲು ಗಂಟೆಯ ದಾರಿ. ಬೊಂಬಾಯಿ ಸುತ್ತು ದಾರಿಯೇ ಅಲ್ಲ ಎನ್ನುತ್ತದೆ ನಕ್ಷೆ. ಆ ಕಾಲು ಗಂಟೆ ನಮ್ಮವರಿಗೆ ದಿನಗಳಾದದ್ದು ಹೇಗೆ ಎಂಬುದೇ ಈ ಚರಿತ್ರೆಯ ತಿರುಳು.

ಮೊದಲನೆಯದಾಗಿ, ಬಜ್ಪೆಯಿಂದ ಬೊಂಬಾಯಿಗೆ ವಿಮಾನ ಇದ್ದರೂ ಮೊದಲ ಸಲ ಹೋಗುವ ಬಡವನ ಕೈಗೆ ಅದು ಎಟಕುತ್ತಿರಲಿಲ್ಲ. ನಿಟ್ಟೆಯವನು ಕಾರ್ಕಳಕ್ಕೋ ಪಡುಬಿದ್ರಿಗೋ ಹೋಗಿ ಬೊಂಬಾಯಿ ಬಸ್ಸು ಹಿಡಿಯುತ್ತಿದ್ದ. ಘಟ್ಟ ಹತ್ತಿ ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಹೋಗುವ ಬಸ್ಸಿಗೆ ಒಂದು ಹಗಲು ಒಂದು ರಾತ್ರಿ ಬೇಕಿತ್ತು. ರೈಲಿನ ಮಾತೇ ಬೇಡ. ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಮಂಗಳೂರಿನಿಂದ ಬೊಂಬಾಯಿಗೆ ರೈಲು ಪಾಲಕ್ಕಾಡಿನ ಮೇಲೆ ಇಡೀ ದಕ್ಷಿಣ ಭಾರತವನ್ನು ಸುತ್ತಿ 2,041 ಕಿಲೋಮೀಟರ್ ಓಡುತ್ತಿತ್ತು, 41 ಗಂಟೆ ತೆಗೆದುಕೊಳ್ಳುತ್ತಿತ್ತು. ಹೊಸ ಹಳಿ ಅದನ್ನು 914 ಕಿಲೋಮೀಟರಿಗೆ, 15 ಗಂಟೆಗೆ ಇಳಿಸಿತು. ಹಳೆಯ ರೈಲಿನಲ್ಲಿ ಬೊಂಬಾಯಿ ಸೇರುವುದೂ ಇಂದು ದುಬೈಗೆ ಆರು ಸಲ ಹೋಗಿ ಬರುವುದೂ ಹೆಚ್ಚು ಕಡಿಮೆ ಒಂದೇ ಹೊತ್ತು.

ಎರಡನೆಯದು ಕಾಗದಪತ್ರ. 1983ರ ವಲಸೆ ಕಾನೂನಿನಂತೆ ಕೆಲಸಕ್ಕೆ ಹೋಗುವ ಕಡಿಮೆ ಓದಿದವರಿಗೆ ವಲಸೆ ರಕ್ಷಣಾಧಿಕಾರಿಯ ಅನುಮತಿ ಬೇಕು. ನಮ್ಮವರು ಅದಕ್ಕೆ ನೋಡುತ್ತಿದ್ದುದು ಬೊಂಬಾಯಿಯ ಕಚೇರಿಯನ್ನೇ. ಏಜೆಂಟರು, ವೈದ್ಯಕೀಯ ಪರೀಕ್ಷೆ, ವೀಸಾ ಎಲ್ಲವೂ ಅಲ್ಲಿಯೇ. ಓದಿದವನ ಪಾಸ್‌ಪೋರ್ಟಿಗೆ ಈ ತಪಾಸಣೆ ಬೇಡ. ಈಗ ಹತ್ತನೇ ತರಗತಿ ಪಾಸಾದವರಿಗೆ ವಿನಾಯಿತಿ ಇದೆ. ಒಂದೇ ಊರಿನ, ಒಂದೇ ಬಸ್ಸಿನಲ್ಲಿ ಹೊರಟ ಇಬ್ಬರಲ್ಲಿ ಶಾಲೆ ಮುಗಿಸಿದವನಿಗೆ ದುಬೈ ಒಂದು ದೂರ, ಅರ್ಧದಲ್ಲಿ ಬಿಟ್ಟವನಿಗೆ ಇನ್ನೊಂದು ದೂರ. ನಮ್ಮ ಸಂಘದವರು ಊರೂರು ತಿರುಗಿ ಮಕ್ಕಳನ್ನು ಶಾಲೆ ಬಿಡಿಸಬೇಡಿ ಎಂದು ಹೇಳುವಾಗ ಈ ಲೆಕ್ಕವನ್ನೂ ಸೇರಿಸಿ ಹೇಳಬಹುದಿತ್ತು.

ಹೀಗೆ ಬೊಂಬಾಯಿಗೆ ಹೋದವನು ಊರವರ ಖೋಲಿಯಲ್ಲಿ ಕಾಯುತ್ತಿದ್ದ. ವಾರವಾಗಬಹುದು, ತಿಂಗಳಾಗಬಹುದು. ಮೂರು ತಿಂಗಳು ಕಾದು ಹಣವನ್ನೂ ಕಳೆದುಕೊಂಡು ಅದೇ ಬಸ್ಸಿನಲ್ಲಿ ಹಿಂದೆ ಬಂದವರು ನಮ್ಮ ಊರಿನಲ್ಲೇ ಇದ್ದರು. ಆ ಏಜೆಂಟರ ಹೆಸರು ಎತ್ತಿ ಈಗ ಪ್ರಯೋಜನವಿಲ್ಲ. ಊರವನೇ ಆದ ಹೋಟೇಲು ಕೆಲಸಗಾರನೊಬ್ಬ ಅನ್ನ ಹಾಕಿದ್ದನ್ನು ಮಾತ್ರ ಅವರು ಸಾಯುವವರೆಗೂ ನೆನೆಸುತ್ತಿದ್ದರು. ಬೊಂಬಾಯಿಯಲ್ಲಿದ್ದ ತುಳುನಾಡಿನ ಹೋಟೇಲುಗಳೂ ಖೋಲಿಗಳೂ ಇಲ್ಲದಿದ್ದರೆ ಈ ವಲಸೆ ಇಷ್ಟು ದೊಡ್ಡದಾಗುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ಅದರಲ್ಲಿ ಜಾತಿ ಮತ ನೋಡಿದವರು ಕಡಿಮೆ.

1988ರ ಎಪ್ರಿಲಿನಲ್ಲಿ ಕಲ್ಲಿಕೋಟೆ ಹತ್ತಿರದ ಕರಿಪ್ಪೂರು ನಿಲ್ದಾಣ ಶುರುವಾಗಿ, ಕೆಲ ವರ್ಷಗಳಲ್ಲಿ ಅಲ್ಲಿಂದ ಗಲ್ಫ್ ವಿಮಾನಗಳು ಹಾರತೊಡಗಿದ ಮೇಲೆ ಕಾಸರಗೋಡು, ಮಂಗಳೂರಿನ ಅನೇಕರು ಅತ್ತ ತಿರುಗಿದರು. ಬೆಂಗಳೂರು ಇನ್ನೊಂದು ದಾರಿಯಾಯಿತು. ಶಿರಾಡಿ ಘಟ್ಟ ಮಳೆಗಾಲದಲ್ಲಿ ಬಂದ್ ಆದಾಗ ಆ ದಾರಿಯ ಸುಖ ಅನುಭವಿಸಿದವರಿಗೇ ಗೊತ್ತು.

ಮಣ್ಣಿಗೆ ಕಾಯದ ಹೊತ್ತು

ಹೋಗುವಾಗ ತಡವಾದರೆ ಹಣ ಹೋಗುತ್ತದೆ, ಸಂಬಳ ಹೋಗುತ್ತದೆ. ತುರ್ತಿಗೆ ಬರುವಾಗ ತಡವಾದರೆ ಹೋಗುವುದು ಬೇರೆ. ನಮ್ಮಲ್ಲಿ ಸತ್ತವರನ್ನು ಆದಷ್ಟು ಬೇಗ ಮಣ್ಣು ಮಾಡುವುದು ಕ್ರಮ. ಬೆಳಿಗ್ಗೆ ತೀರಿಕೊಂಡರೆ ಅಸರ್ ಹೊತ್ತಿಗೆ, ರಾತ್ರಿಯಾದರೆ ಮರುದಿನ ಲುಹರ್ ಹೊತ್ತಿಗೆ ಜನಾಝಾ ನಮಾಝ್. ಹೆಚ್ಚು ಕಾಯಿಸುವುದಿಲ್ಲ. ಹಾಗಿರುವಾಗ ಊರಿಗೂ ಮಗನಿಗೂ ನಡುವೆ ಎಷ್ಟು ಗಂಟೆ ಎಂಬುದರ ಮೇಲೆ ತಂದೆಯ ಮುಖ ನೋಡುವುದು ನಿಂತಿರುತ್ತಿತ್ತು.

ಎಂಬತ್ತರ ದಶಕದ ಲೆಕ್ಕ ಹೀಗಿತ್ತು. ಕಾರ್ಕಳಕ್ಕೆ ಹೋಗಿ ತಂತಿ ಕೊಡಬೇಕು, ಇಲ್ಲವೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಕಂಪೆನಿಯ ಟಪಾಲು ಪೆಟ್ಟಿಗೆಯ ವಿಳಾಸಕ್ಕೆ ಬಂದ ತಂತಿ ಕೆಲಸದ ಜಾಗದಲ್ಲಿರುವ ಮಗನ ಕೈ ಸೇರುವಾಗಲೇ ಒಂದು ದಿನ. ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿ. ರಜೆ ಕೇಳಿ, ಟಿಕೇಟು ಸಿಕ್ಕಿ, ಬೊಂಬಾಯಿಯಲ್ಲಿ ಇಳಿದು, ಅಲ್ಲಿಂದ ಊರ ವಿಮಾನದಲ್ಲಿ ಜಾಗ ಇಲ್ಲವೆಂದರೆ ಬಸ್ಸು. ನಮ್ಮ ನೆರೆಕರೆಯ ಒಬ್ಬರು ಹೀಗೆ ಹೊರಟು ಮನೆ ಮುಟ್ಟುವಾಗ ಐದನೇ ದಿನ. ಬಸ್ಸಿನಿಂದ ಇಳಿದವರು ಮನೆಗೆ ಹೋಗದೆ ನೇರ ಖಬರಸ್ತಾನಕ್ಕೆ ಹೋದರು. ಮಣ್ಣು ಆಗಲೇ ಒಣಗಿತ್ತು ಎಂದಷ್ಟೇ ಅವರು ಹೇಳುತ್ತಿದ್ದರು. ತಂದೆಯ ಬಗ್ಗೆ ಅವರು ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅನೇಕರು ಹೊರಡುತ್ತಲೇ ಇರಲಿಲ್ಲ. ಹೊರಟರೂ ಮುಟ್ಟುವುದಿಲ್ಲ ಎಂದು ಗೊತ್ತಿದ್ದುದರಿಂದ ಅಲ್ಲಿನ ಮಸೀದಿಯಲ್ಲೇ ಗೈರುಹಾಜರಿಯ ನಮಾಝ್ ಮಾಡಿ, ಟಿಕೇಟಿನ ಹಣವನ್ನು ಡ್ರಾಫ್ಟ್ ಮಾಡಿ ತಾಯಿಗೆ ಕಳಿಸುತ್ತಿದ್ದರು.

1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿದಾಗ ಎಲ್ಲ ಲೆಕ್ಕವೂ ತಲೆಕೆಳಗಾಯಿತು. ಕುವೈತ್ ಬಜ್ಪೆಯಿಂದ 3,300 ಕಿಲೋಮೀಟರ್. ಅಲ್ಲಿದ್ದ ನಮ್ಮ ಜಿಲ್ಲೆಯವರು ಊರಿಗೆ ಬರಲು ಮೊದಲು ಊರಿಗೆ ಬೆನ್ನು ಹಾಕಬೇಕಾಯಿತು. ಬಾಗ್ದಾದಿನ ಮೇಲಾಗಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ, ಗಡಿಯ ಡೇರೆಗಳಲ್ಲಿ ಸರದಿ ಕಾದು, ಏರ್ ಇಂಡಿಯಾದ ವಿಮಾನ ಹತ್ತಿ ಬೊಂಬಾಯಿಗೆ. ಸುಮಾರು ಎರಡು ತಿಂಗಳ ಕಾಲ ಹಾರಿದ ಆ ವಿಮಾನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಮರಳಿದರು. ನಾಲ್ಕೈದು ಗಂಟೆಯ ದಾರಿ ಕೆಲವರಿಗೆ ವಾರಗಳಾಯಿತು.

ಮೂರೂವರೆ ಗಂಟೆ

2006ರಲ್ಲಿ ಬಜ್ಪೆಯ ಹೊಸ ಓಡುದಾರಿ ಬಳಕೆಗೆ ಬಂತು, ಉದ್ದ 2,450 ಮೀಟರ್. ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ನೇರ ವಿಮಾನ ಆರಂಭಿಸಿತು. ಮುಂದೆ ಅಬುಧಾಬಿ, ಮಸ್ಕತ್, ದೋಹಾ, ದಮ್ಮಾಮ್, ಕುವೈತ್, ಬಹ್ರೇನ್ ಒಂದೊಂದಾಗಿ ಬಂದವು. ಕೆಲವು ವರ್ಷ ಹಜ್ ವಿಮಾನಗಳೂ ಇಲ್ಲಿಂದಲೇ ಹೋದವು. 2012ರಲ್ಲಿ ಅಂತಾರಾಷ್ಟ್ರೀಯ ನಿಲ್ದಾಣವೆಂಬ ಹೆಸರೂ ಸಿಕ್ಕಿತು.

ಮೊದಲ ಸಲ ಟಿಕೇಟು ಕೈಗೆ ಬಂದವರಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ದುಬೈಯಿಂದ ರಾತ್ರಿ 1 ಗಂಟೆಗೆ ಹೊರಟರೆ ಬಜ್ಪೆಗೆ ಬೆಳಿಗ್ಗೆ 6 ಗಂಟೆ. ಬರಲು ಐದು ಗಂಟೆ! ಹೋಗುವಾಗ ನೋಡಿದರೆ ಬೆಳಿಗ್ಗೆ 8ಕ್ಕೆ ಹೊರಟವರು 10ರ ಸುಮಾರಿಗೆ ಅಲ್ಲಿರುತ್ತಾರೆ. ಹೋಗಲು ಎರಡೇ ಗಂಟೆ! ಇದು ಗಡಿಯಾರದ ಆಟ. ನಮ್ಮ ಸಮಯ ದುಬೈಯದ್ದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಐದರಿಂದ ಒಂದೂವರೆ ಕಳೆಯಿರಿ, ಎರಡಕ್ಕೆ ಒಂದೂವರೆ ಕೂಡಿಸಿ. ಎರಡೂ ಮೂರೂವರೆಗೆ ಬಂದು ನಿಲ್ಲುತ್ತವೆ. ಪೂರ್ತಿ ಸಮ ಅಲ್ಲ. ಮುಖ್ಯವಾಗಿ ಚಳಿಗಾಲದಲ್ಲಿ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ಊರಿಗೆ ಬರುವ ದಾರಿ ಹೋಗುವ ದಾರಿಗಿಂತ ಸ್ವಲ್ಪ ಬೇಗ ಮುಗಿಯುತ್ತದೆ. ಹಾಯಿಹಡಗನ್ನು ಕಾಯಿಸುತ್ತಿದ್ದ ಗಾಳಿಗೆ ಇನ್ನೂ ಇಷ್ಟು ಅಧಿಕಾರ ಉಳಿದಿದೆ. ಇನ್ನೊಂದು ತಮಾಷೆಯೂ ಇದೆ. ಕೊಲ್ಲಿಯಲ್ಲಿ ಹಬ್ಬ ಸಾಮಾನ್ಯವಾಗಿ ನಮಗಿಂತ ಒಂದು ದಿನ ಮೊದಲು. ಅಲ್ಲಿ ಈದ್ ಊಟ ಮುಗಿಸಿ ರಾತ್ರಿ ವಿಮಾನದಲ್ಲಿ ಬಂದವನಿಗೆ ಬಜ್ಪೆಯಲ್ಲಿ ಮತ್ತೊಂದು ಈದ್ ಸಿಗುತ್ತದೆ. ಒಂದು ದಿನ ಮುಂಚೆ ಹೊರಟವನಿಗೆ ಊರಲ್ಲಿ ಇನ್ನೊಂದು ಉಪವಾಸ.

ಈ ಮೂರೂವರೆ ಗಂಟೆಗೆ ನಾವು ತೆತ್ತ ಬೆಲೆಯನ್ನೂ ಬರೆಯಬೇಕು. 2010ರ ಮೇ 22ರ ನಸುಕಿನಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ ಇಳಿಯುವಾಗ ಹೊಸ ಓಡುದಾರಿಯ ತುದಿ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ಸತ್ತರು. ಉಳಿದದ್ದು ಎಂಟೇ ಜನ. ತನಿಖೆಯಲ್ಲಿ ತಿಳಿದುಬಂದದ್ದು ಇಷ್ಟು. ವಿಮಾನ ಇಳಿಯಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ನೆಲ ಮುಟ್ಟುವಾಗ ಓಡುದಾರಿಯ ಅರ್ಧಕ್ಕಿಂತ ಹೆಚ್ಚು ಭಾಗ ಹಿಂದೆ ಹೋಗಿತ್ತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಮುಖ್ಯ ಪೈಲಟ್ ಹಾರಾಟದ ನಡುವೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆಯಲ್ಲಿದ್ದರು, ಎದ್ದ ಮೇಲೂ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ರಾತ್ರಿ ಒಂದಕ್ಕೆ ಹೊರಟು ಮನುಷ್ಯನ ದೇಹ ನಿದ್ದೆ ಬೇಡುವ ಹೊತ್ತಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಇಳಿಯುವ ವೇಳಾಪಟ್ಟಿ ಅದು. ಎಂಟುನೂರು ಮೀಟರ್ ಕಾಂಕ್ರೀಟು ಬಂದಾಕ್ಷಣ ಎಲ್ಲ ಮುಗಿಯಿತು ಎಂದು ನಾವು ತಿಳಿದಿದ್ದೆವು. ಗುಡ್ಡದ ಮೇಲೆ ಅಷ್ಟೇ ಸಾಲದು, ಅದನ್ನು ಬಳಸುವ ಶಿಸ್ತೂ ಬೇಕು ಎಂಬುದು 158 ಮನೆಗಳ ಲೆಕ್ಕದಲ್ಲಿ ಗೊತ್ತಾಯಿತು. ಗುರುತು ಹತ್ತದ ಮೃತದೇಹಗಳನ್ನು ಫಲ್ಗುಣಿ ನದಿಯ ದಂಡೆಯಲ್ಲಿ ಒಟ್ಟಿಗೆ ಮಣ್ಣು ಮಾಡಲಾಯಿತು. ಕೂಳೂರು, ತಣ್ಣೀರುಬಾವಿ ಕಡೆ ಹೋದವರು ಅಲ್ಲಿನ ಸ್ಮಾರಕವನ್ನು ನೋಡಬಹುದು.

ಹತ್ತು ವರ್ಷದ ಮೇಲೆ ದೂರ ಮತ್ತೊಮ್ಮೆ ಹಿಗ್ಗಿತು. 2020ರ ಮಾರ್ಚ್ ಕೊನೆಗೆ ಕೊರೊನಾದಿಂದಾಗಿ ಅಂತಾರಾಷ್ಟ್ರೀಯ ವಿಮಾನಗಳೆಲ್ಲ ನಿಂತವು. ಕೆಲಸ ಹೋದವರು, ತುಂಬು ಗರ್ಭಿಣಿಯರು, ಮಗನ ನೋಡಲು ಹೋಗಿದ್ದ ವಯಸ್ಸಾದ ತಂದೆತಾಯಿಯರು ಅಲ್ಲೇ ಉಳಿದರು. ಅಲ್ಲಿ ಸತ್ತವರಿಗೆ ಅಲ್ಲೇ ಮಣ್ಣು. ಇಲ್ಲಿ ಸತ್ತವರ ಮುಖವನ್ನು ಅಲ್ಲಿದ್ದ ಮಕ್ಕಳು ಮೊಬೈಲಿನಲ್ಲಿ ನೋಡಿದರು. ವಂದೇ ಭಾರತ್ ಹೆಸರಿನ ಮೊದಲ ವಿಮಾನ ದುಬೈಯಿಂದ ಬಜ್ಪೆಗೆ ಬಂದದ್ದು ಮೇ 12ರಂದು. ಸುದ್ದಿ ಕ್ಷಣದಲ್ಲಿ ಮುಟ್ಟುತ್ತಿತ್ತು, ಮನುಷ್ಯ ಮುಟ್ಟಲಾಗುತ್ತಿರಲಿಲ್ಲ. ಹಿಂದೆ ಎರಡೂ ಒಟ್ಟಿಗೆ ತಡವಾಗುತ್ತಿದ್ದುದರಲ್ಲಿ ಒಂದು ರೀತಿಯ ಸಮಾಧಾನ ಇತ್ತೇನೋ ಎಂದು ಆ ಐವತ್ತು ದಿನಗಳಲ್ಲಿ ಅನ್ನಿಸಿದ್ದುಂಟು.

ಮನೆ ಬಾಗಿಲಿನಿಂದ

ಈಗ ನಿಟ್ಟೆಯ ಮನೆಯಿಂದ ಹೊರಡುವವನ ಗಡಿಯಾರ ನೋಡೋಣ. ಬೆಳ್ಮಣ್, ಕಿನ್ನಿಗೋಳಿ, ಕಟೀಲು ದಾರಿಯಾಗಿ ಬಜ್ಪೆಗೆ ಒಂದು ಗಂಟೆಯ ಮೇಲೆ ಸ್ವಲ್ಪ. ಕಾಗೆ ಹಾರಿದಂತೆ ಅಳೆದರೆ ಸುಮಾರು 25 ಕಿಲೋಮೀಟರ್ ದೂರ ಅದು, ನಮ್ಮ ರಸ್ತೆಯ ತಿರುವುಗಳು ಅದನ್ನು ನಲವತ್ತರ ಆಸುಪಾಸಿಗೆ ತರುತ್ತವೆ. ವಿಮಾನ ಹೊರಡುವ ಮೂರು ಗಂಟೆ ಮೊದಲು ಅಲ್ಲಿರಬೇಕು. ಆಕಾಶದಲ್ಲಿ ಮೂರೂವರೆ. ಅಲ್ಲಿ ಇಳಿದು ಸಾಲು ನಿಂತು ಸಾಮಾನು ಹಿಡಿದು ಕೋಣೆ ಸೇರಲು ಎರಡು ಗಂಟೆ. ಒಟ್ಟು ಹತ್ತು ಗಂಟೆಯ ಹತ್ತಿರ. ಅದರಲ್ಲಿ ವಿಮಾನ ಓಡಿದ್ದು ಮೂರನೇ ಒಂದು ಪಾಲು. ವಿಮಾನದ ವೇಗ ಇನ್ನು ಹೆಚ್ಚಾದರೂ ನಮ್ಮ ಪ್ರಯಾಣ ಹೆಚ್ಚೇನೂ ಕಡಿಮೆಯಾಗದು.

ಈ ಲೇಖನ ಓದುವ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ ಇದೆ. ಮನೆಯ ಹಳೆಯ ಟ್ರಂಕು, ಕಪಾಟುಗಳಲ್ಲಿ ಅಜ್ಜನ, ದೊಡ್ಡಪ್ಪನ ಹಳೆಯ ಪಾಸ್‌ಪೋರ್ಟ್ ಇರಬಹುದು. ಅದರ ಪುಟಗಳನ್ನು ತೆರೆದು ನೋಡಿ. ವಲಸೆ ಅನುಮತಿಯ ಮುದ್ರೆ ಯಾವ ದಿನದ್ದು, ಬೊಂಬಾಯಿಯಿಂದ ಹೊರಟ ಮುದ್ರೆ ಯಾವ ದಿನದ್ದು, ಅಲ್ಲಿ ಇಳಿದ ಮುದ್ರೆ ಯಾವ ದಿನದ್ದು ಎಂದು ಬರೆದಿಟ್ಟುಕೊಳ್ಳಿ. ಅವರು ಊರು ಬಿಟ್ಟ ದಿನ ಯಾವುದೆಂದು ಅಜ್ಜಿಯನ್ನು ಕೇಳಿ, ಮುದ್ರೆಯಲ್ಲಿ ಅದು ಇರುವುದಿಲ್ಲ. ಎರಡು ದಿನಾಂಕಗಳ ನಡುವೆ ಎಷ್ಟು ದಿನಗಳು ಇದ್ದವು, ಅಷ್ಟು ದಿನ ಅವರು ಎಲ್ಲಿ ಮಲಗಿದರು, ಯಾರು ಊಟ ಹಾಕಿದರು ಎಂದೂ ಕೇಳಿ. ತಂತಿ ವ್ಯವಸ್ಥೆ 2013ರಲ್ಲಿ ಮುಚ್ಚಿತು, ಹಳೆಯ ತಂತಿಯ ಕಾಗದ ಸಿಕ್ಕಿದರೆ ಬಿಸಾಡಬೇಡಿ. ಹಾಗೆ ಸಿಕ್ಕಿದ್ದನ್ನು ಸಂಘದ ಗ್ರಂಥಾಲಯಕ್ಕೆ ನಕಲು ಮಾಡಿ ಕೊಟ್ಟರೆ ಮುಂದಿನ ಸಂಚಿಕೆಗೆ ಅದನ್ನೆಲ್ಲ ಜೋಡಿಸಿ ಬರೆಯುವ ಕೆಲಸ ನಾನು ಒಪ್ಪಿಕೊಳ್ಳುತ್ತೇನೆ.